ಆರು ವರ್ಷ ಬಳಸಿದ ಹೈಡ್ರೋಮೀಟರ್: ಗಾಜು ಗಟ್ಟಿ, ಒಳಗಿನ ಚೀಟಿ ಸಡಿಲ

ಡೀಸೆಲ್‌ನ ಡೆನ್ಸಿಟಿ ನೋಡುವ 800–850ರ ಗಾಜಿನ ಹೈಡ್ರೋಮೀಟರ್ ಇದು. ಡೆನ್ಸಿಟಿ ಅಂದರೆ ಸಾವಿರ ಲೀಟರ್ ಎಣ್ಣೆ ಎಷ್ಟು ಕೆಜಿ ತೂಗುತ್ತದೆ ಅನ್ನುವುದು. ಎಣ್ಣೆ ಭಾರವಾದಷ್ಟೂ ಈ ಗಾಜು ಮೇಲೆದ್ದು ತೇಲುತ್ತದೆ. ಉಳಿದ ವಿವರವೆಲ್ಲ ಡಬ್ಬಿಯ ಮೇಲೇ ಇರುತ್ತದೆ, ಬಿಡಿ. ಎರಡು ಸಾವಿರದೊಳಗೆ ಸಿಕ್ಕಿತು. ಮೊದಲ ಮೂರು ವರ್ಷ ಘಟ್ಟದ ಕಡೆ ಒಂದು ಪೈಪ್‌ಲೈನ್ ಸ್ಟೇಷನ್‌ನಲ್ಲಿ ಶಿಫ್ಟ್ ಕೆಲಸದಲ್ಲಿದ್ದೆ, ಅಲ್ಲಿ ಬಳಸಿದೆ. ಆಮೇಲಿನ ಮೂರು ವರ್ಷ ಅಣ್ಣಿಗೇರಿ ಹತ್ತಿರ ನಮ್ಮದೇ ಬಂಕ್‌ನಲ್ಲಿ.

ಪೈಪ್‌ಲೈನ್ ಅಂದ ಕೂಡಲೇ ನಮ್ಮ ಕಡೆಯವರು ದಾಭೋಳ್–ಬೆಂಗಳೂರು ಪೈಪು ನೆನೆಯುತ್ತಾರೆ. ಅದು ಗ್ಯಾಸಿನದು. ನಾನಿದ್ದದ್ದು ಎಣ್ಣೆಯ ಲೈನಿನಲ್ಲಿ. ಅಲ್ಲಿ ಒಂದೇ ಪೈಪಿನಲ್ಲಿ ಪೆಟ್ರೋಲ್, ಅದರ ಬೆನ್ನಿಗೆ ಸ್ವಲ್ಪ ಚಿಮಣಿ ಎಣ್ಣೆ (ಸೀಮೆಎಣ್ಣೆ), ಅದರ ಹಿಂದೆ ಡೀಸೆಲ್. ನಡುವೆ ಗೋಡೆ ಇಲ್ಲ, ಪರದೆ ಇಲ್ಲ. ಜೋರಾಗಿ ಹರಿಯುತ್ತಿದ್ದರೆ ಬೆರೆಯುವುದು ಕಡಿಮೆ, ಅಷ್ಟೇ ಧೈರ್ಯ. ಏರು-ಇಳಿಜಾರಿನಲ್ಲಿ ಲೈನ್ ನಿಂತು, ಮೇಲೆ ಡೀಸೆಲ್ ಕೆಳಗೆ ಪೆಟ್ರೋಲ್ ಬಂದರೆ ಕಷ್ಟ. ಭಾರದ್ದು ಕೆಳಗಿಳಿಯುತ್ತದೆ, ಕಲಬೆರಕೆ ಉದ್ದವಾಗುತ್ತದೆ. ಡೀಸೆಲ್‌ಗೆ ಪೆಟ್ರೋಲ್ ಸ್ವಲ್ಪ ಸೇರಿದರೂ ಫ್ಲ್ಯಾಶ್ ಪಾಯಿಂಟ್ (ಆವಿಗೆ ಬೆಂಕಿ ಹತ್ತುವ ಉಷ್ಣತೆ) ಬಿದ್ದುಹೋಗುತ್ತದೆ. ಅದಕ್ಕೇ ನಡುವೆ ಚಿಮಣಿ ಎಣ್ಣೆ.

ಬ್ಯಾಚ್, ಅಂದರೆ ಒಂದೊಂದು ಎಣ್ಣೆಯ ಕಂತು, ಎಲ್ಲಿಗೆ ಬಂತು ಅನ್ನುವುದು ಕೂಡಿಸಿ ಕಳೆಯುವ ಲೆಕ್ಕ. 20 ಇಂಚಿನ ಪೈಪಿನಲ್ಲಿ ಒಂದು ಕಿಲೋಮೀಟರಿಗೆ ಸುಮಾರು 190 ಕಿಲೋಲೀಟರ್ ಹಿಡಿಯುತ್ತದೆ. 12 ಕಿಲೋಲೀಟರಿನ ಟ್ಯಾಂಕರ್ ಹದಿನಾರು ಅಂದುಕೊಳ್ಳಿ. ಗಂಟೆಗೆ 950 ಕಿಲೋಲೀಟರ್ ತಳ್ಳಿದರೆ ಎಣ್ಣೆ ಗಂಟೆಗೆ 5 ಕಿಲೋಮೀಟರ್ ಸಾಗುತ್ತದೆ. ಮನುಷ್ಯ ನಡೆದಷ್ಟು! ಬ್ಯಾಚ್ ಬರುವ ಹೊತ್ತನ್ನು ಸ್ಕ್ರೀನ್ ತೋರಿಸುತ್ತಿತ್ತು, ಡೆನ್ಸಿಟಿಯ ಗೆರೆಯೂ ಏರುತ್ತಿತ್ತು. ಆದರೂ ಸ್ಯಾಂಪಲ್ ಹಿಡಿದು ಗಾಜಿನಲ್ಲಿ ನೋಡುವುದು ಇದ್ದೇ ಇತ್ತು.

ಈ ಗಾಜಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲೇ. ರಾತ್ರಿ ಎರಡು ಗಂಟೆ. ಮೊದಲ ಜಾರಿನಲ್ಲಿ ಪೆಟ್ರೋಲ್, ಹೈಡ್ರೋಮೀಟರ್ ತಳ ಮುಟ್ಟಿ ಮಲಗಿತು. ಚಿಮಣಿ ಎಣ್ಣೆಯಲ್ಲೂ ಏಳಲಿಲ್ಲ. ಮತ್ತೆ ಹಿಡಿದೆ, ಸ್ವಲ್ಪ ಅಲುಗಾಡಿತು. ಇನ್ನೊಂದು ಜಾರು, ಕತ್ತು ಹೊರಗೆ ಬಂತು. ಅದರ ಮುಂದಿನದರಲ್ಲಿ ಎದ್ದು ನಿಂತಿತು. ಡೀಸೆಲ್ ಬಂತು ಅಂತ ಫೋನ್ ಮಾಡುವಾಗ ಒಂಥರಾ ಖುಷಿ. ಮಂಗಳೂರಿಂದ ಬೆಂಗಳೂರಿಗೆ ಹೋಗುವ ಲೈನ್ 360 ಕಿಲೋಮೀಟರಿಗಿಂತ ಜಾಸ್ತಿ ಉದ್ದ. ಅಂಥ ದಾರಿಯನ್ನು ನೆಲದೊಳಗೇ ನಡೆದು ಬಂದದ್ದು ನಮ್ಮ ಜಾರಿನಲ್ಲಿ ತಲೆ ಎತ್ತುತ್ತದೆ ಅಂದರೆ ಸುಮ್ನೆ ಅಲ್ಲ.

ಈಗ ಬಂಕ್‌ನಲ್ಲಿ ದಿನಾ ಬೆಳಿಗ್ಗೆ ಅದೇ ಪೂಜೆ. ಅದೇ ಎಣ್ಣೆಯಿಂದ ಜಾರು ಎರಡು ಸಲ ತೊಳೆಯುತ್ತೇನೆ. ತುಂಬಿಸಿ, ಗುಳ್ಳೆ ಹೋಗುವ ತನಕ ಕಾಯುತ್ತೇನೆ. ಗಾಜನ್ನು ಬಿಟ್ಟು ಎರಡು ಬೆರಳಲ್ಲಿ ಒಂದು ತಿರುವು, ಇಲ್ಲದಿದ್ದರೆ ಜಾರಿನ ಗೋಡೆಗೆ ಅಂಟುತ್ತದೆ. ಮಂಡಿ ಬಗ್ಗಿಸಿ ಕಣ್ಣನ್ನು ಎಣ್ಣೆಯ ಮಟ್ಟಕ್ಕೆ ತಂದು ಓದುತ್ತೇನೆ. ಬಿಸಿಯಾದಷ್ಟೂ ಎಣ್ಣೆಯ ಡೆನ್ಸಿಟಿ ಇಳಿಯುತ್ತದೆ, ಅದಕ್ಕೇ 15 ಡಿಗ್ರಿ ಲೆಕ್ಕಕ್ಕೆ ತಂದು ಹೋಲಿಸುವುದು. ಥರ್ಮಾಮೀಟರ್ 33 ಡಿಗ್ರಿ ತೋರಿಸಿ, ಗಾಜು 820 ತೋರಿಸಿದರೆ, ಪಟ್ಟಿಯಲ್ಲಿ 15 ಡಿಗ್ರಿ ಲೆಕ್ಕಕ್ಕೆ ಹೆಚ್ಚುಕಡಿಮೆ 832 ಬರುತ್ತದೆ. ರಿಜಿಸ್ಟರ್‌ನಲ್ಲಿ ಬರೆದ ಮೇಲೇ ಚಹಾ.

ಇಷ್ಟು ಹೊಗಳಿದ್ದು ಸಾಕು. ಹೋದ ಬೇಸಿಗೆಯಲ್ಲಿ ಇದೇ ಗಾಜು ನನ್ನ ಮಾನ ಕಳೆಯಿತು.

ಹುಬ್ಬಳ್ಳಿ ಕಡೆಯಿಂದ ಲೋಡ್ ಬಂತು. ಲೋಡಿನ ಜೊತೆ ಬಂದ ಚಲನ್ನಿನಲ್ಲಿ 832, ನನ್ನ ಲೆಕ್ಕಕ್ಕೆ 827. ಮೂರಕ್ಕಿಂತ ಜಾಸ್ತಿ ಫರಕಿದ್ದರೆ ಇಳಿಸಿಕೊಳ್ಳುವ ಹಾಗಿಲ್ಲ. ಡೆನ್ಸಿಟಿ ಕಡಿಮೆ ಅಂದರೆ ಮನಸ್ಸಿಗೆ ಮೊದಲು ಬರುವುದು ಚಿಮಣಿ ಎಣ್ಣೆಯ ಕಲಬೆರಕೆಯೇ. ಡ್ರೈವರ್ ಮೇಲೆ ಹರಿಹಾಯ್ದೆ. "ಸಾಹೇಬ್ರ, ನಾ ಎಲ್ಲೂ ನಿಂತಿಲ್ರೀ. ಸೀಲ್ ಅದಾವ ನೋಡ್ರಿ" ಅಂದ. ಸೀಲ್ ಸರಿ ಇದ್ದವು. ಆದರೂ ನಾನು ಕೇಳಲಿಲ್ಲ. ಟ್ಯಾಂಕರ್ ಎರಡು ಗಂಟೆ ಬಿಸಿಲಲ್ಲಿ ನಿಂತಿತು. ಕೊನೆಗೆ ಪಕ್ಕದ ಬಂಕ್‌ನಿಂದ ಹೈಡ್ರೋಮೀಟರ್ ತರಿಸಿದೆ. ಸರಿಯಾಗಿ 832!

ಗಾಜಿನ ಕೊಳವೆಯೊಳಗೆ ಅಂಕಿ ಬರೆದ ಕಾಗದದ ಚೀಟಿ ಇರುತ್ತದಲ್ವಾ, ಅದು ಕಡ್ಲಿಕಾಳಿನಷ್ಟು ಕೆಳಗೆ ಜಾರಿತ್ತು. ಕಿಟಕಿಯ ಬಿಸಿಲಿಗೆ ಇಟ್ಟಿದ್ದೆ, ಅಂಟು ಬಿಟ್ಟಿರಬೇಕು. ಅದರಲ್ಲಿ ಸಣ್ಣ ಅಂಕಿ ಮೇಲೆ, ದೊಡ್ಡದು ಕೆಳಗೆ. ಹಾಗಾಗಿ ಚೀಟಿ ಇಳಿದರೆ ಅಂಕಿ ಕಡಿಮೆ ಓದುತ್ತದೆ. ಗಾಜು ಒಡೆದರೆ ಗೊತ್ತಾಗುತ್ತದೆ. ಇದು ಗೊತ್ತೇ ಆಗುವುದಿಲ್ಲ, ಹೊರಗಿಂದ ಎಲ್ಲ ನೆಟ್ಟಗೆ. ಆರು ವರ್ಷದ ನಂಬಿಕೆ ಅಲ್ಲಿಗೆ ಹೋಯಿತು. ಡ್ರೈವರ್‌ಗೆ ತಪ್ಪಾಯ್ತಪ್ಪಾ ಅಂದು, ಗಿರಮಿಟ್ಟು-ಮಿರ್ಚಿ ತರಿಸಿ ತಿನ್ನಿಸಿದೆ. ಆತ ತಿಂದ, ಆದರೆ ಮಾತಾಡಲಿಲ್ಲ.

ಹಳೆಯದನ್ನು ಬಿಸಾಡಲು ಮನಸ್ಸಾಗದೆ ಶೋಕೇಸಿಗೆ ಇಟ್ಟೆ. ಅದೇ ಥರದ್ದು ಹೊಸದು ತಗೊಂಡೆ, ಯಾಕೆಂದರೆ ಡಿಜಿಟಲ್ ಮೀಟರ್ ನಮ್ಮಂಥ ಬಂಕ್‌ನ ಜೇಬಿಗೆ ಆಗುವಂಥದ್ದಲ್ಲ. ನೀವು ತಗೊಳ್ಳುವಾಗ ಕೊಳವೆಯ ಮೇಲೇ ಗುರುತಿನ ಗೆರೆ ಕೊರೆದಿದ್ದು ಸಿಗುತ್ತದಾ ಕೇಳಿ. ನನಗೆ ಸಿಗಲಿಲ್ಲ. ಚೀಟಿಯ ಮೇಲಂಚಿಗೆ ಸರಿಯಾಗಿ ಗಾಜಿನ ಹೊರಗೆ ಮಗಳ ಉಗುರುಬಣ್ಣದ ಒಂದು ಸಣ್ಣ ಗೀರು ಎಳೆದಿದ್ದೇನೆ. ಆ ಬಣ್ಣದ ತೂಕಕ್ಕೆ ಅಂಕಿ ಬದಲಾಗುತ್ತದೇನೋ ಅಂತ ಪಕ್ಕದವರ ಗಾಜಿನ ಜೊತೆ ಹೋಲಿಸಿಯೂ ನೋಡಿದೆ. ಫರಕು ಕಾಣಲಿಲ್ಲ.

ಅದೇ ಡ್ರೈವರ್ ಈಗಲೂ ಲೋಡ್ ತರುತ್ತಾನೆ. ನಾನು ಜಾರು ಎತ್ತಿದ ಕೂಡಲೇ, "ಸಾಹೇಬ್ರ, ಮೊದ್ಲ ಗೀರು ನೋಡ್ರಿ" ಅನ್ನುತ್ತಾನೆ.