ಫ್ಲಡ್ ಗೇಟಿಗೆ ಮುಂಗಡ ಕೊಡುವ ಮೊದಲು ಬಚ್ಚಲಿನ ತೂತು ನೋಡಿ

ಮಳೆಗಾಲ ಹತ್ತಿರವಾದರೆ ಸಾಕು, ಬೆಂಗಳೂರಿನ ಮಹದೇವಪುರ, ಹೊರಮಾವು ಕಡೆಯ ತಗ್ಗು ಬಡಾವಣೆಗಳಲ್ಲಿ ‘ಫ್ಲಡ್ ಗೇಟ್’ ಮಾರುವವರು ಮನೆಮನೆಗೆ ಬರುತ್ತಾರೆ. ಬಾಗಿಲಿನ ಎರಡು ಬದಿಗೆ ಅಲ್ಯೂಮಿನಿಯಂ ಚಾನೆಲ್, ಅದರೊಳಗೆ ಇಳಿಬಿಡುವ ಹಲಗೆ, ಅಂಚಿಗೆ ರಬ್ಬರ್. ಇಷ್ಟೇ ಅದು. ಮುಂಗಡ ಕೊಡುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮಾತು ಹಿಂದುಮುಂದಾದರೆ ಸಹಿಸಿಕೊಳ್ಳಿ.

ನಮ್ಮದು 30-40 ಸೈಟಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಕಟ್ಟಿದಾಗ ರಸ್ತೆಗಿಂತ ಎರಡು ಮೆಟ್ಟಿಲು ಎತ್ತರವಿತ್ತು. ಹಳೆಯ ಡಾಂಬರು ಕೀಳದೆ ಅದರ ಮೇಲೇ ಹೊಸದನ್ನು ಸುರಿದೂ ಸುರಿದೂ ಈಗ ರಸ್ತೆಯೇ ನಮಗಿಂತ ಮೇಲಿದೆ. 2022ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದವರ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಲ್ಲ, ಆ ಸಲ ನಮ್ಮ ನಡುಮನೆಯಲ್ಲಿ ಮೊಣಕಾಲುದ್ದ ನೀರು. ಹೀಗಿರುವಾಗ ನಮಗೆ ಗೇಟು ಮಾರಲು ದೊಡ್ಡ ಚಾತುರ್ಯವೇನೂ ಬೇಕಿರಲಿಲ್ಲ.

ಆದರೂ ಮಾರಲು ಬಂದವನು ನಾಟಕ ಆಡಿಯೇ ಆಡಿದ. ಹಲಗೆ ಕೂರಿಸಿ, ಮುಂದಿನ ಪುಟ್ಟ ಜಗುಲಿಗೆ ಪೈಪಿನಲ್ಲಿ ನೀರು ಬಿಟ್ಟು, ಒಳಗಿನಿಂದ ಹೊಸ್ತಿಲ ಉದ್ದಕ್ಕೂ ಟಿಶ್ಯೂ ಕಾಗದ ಹಾಸಿದ. ಆಮೇಲೆ ಅದನ್ನು ಎತ್ತಿ ಅತ್ತೆಯ ಕೈಗೇ ಕೊಟ್ಟ: ‘ನೋಡಿ ಅಮ್ಮ, ಒದ್ದೆಯಾಗಿದೆಯೇ?’ ಒದ್ದೆಯಾಗಿರಲಿಲ್ಲ. ಬೀದಿಯವರೆಲ್ಲ ಬಂದು ನೋಡಿದರು. ಎದುರು ಮನೆಯವರು ಅವನ ನಂಬರ್ ಬರೆದುಕೊಂಡರು. ನನಗಾದರೋ ಏನೋ ಗೆದ್ದ ಹಾಗೆ. ‘ನಿಮ್ಮ ಮನೆಯೊಳಗೆ ಒಂದು ಹನಿ ನೀರು ಬಂದರೆ ಪೂರ್ತಿ ಹಣ ವಾಪಸ್ ಮೇಡಂ’ ಎಂದ. ಬಾಗಿಲಿನೊಳಗೆ ಎನ್ನಲಿಲ್ಲ, ಮನೆಯೊಳಗೆ ಎಂದ. ನಮ್ಮ ಯಜಮಾನರು ವಿಮೆಯ ಮಾತು ಎತ್ತಿದಾಗ, ‘ವಿಮೆಯವರು ನೆರೆಗೆಲ್ಲ ಕೊಡುವುದಿಲ್ಲ ಸರ್, ಆ ದುಡ್ಡನ್ನೇ ಗೇಟಿಗೆ ಹಾಕಿ’ ಎಂದ. ಅದೂ ಸುಳ್ಳು, ಮುಂದೆ ಹೇಳುತ್ತೇನೆ. ಎರಡು ಬಾಗಿಲಿನ ಗೇಟು, ಹೊರಗೋಡೆಗೆ ‘ಕೆಮಿಕಲ್ ಕೋಟಿಂಗ್’ ಎಂಬ ಬಿಳಿ ಪೇಸ್ಟು, ಎಲ್ಲ ಸೇರಿ 72,000 ರೂಪಾಯಿ.

ಕಳೆದ ತಿಂಗಳ ಮಳೆಗೆ ರಸ್ತೆ ತುಂಬಿತು. ಹಲಗೆ ಇಳಿಸಿ ಕ್ಲಾಂಪು ಬಿಗಿದೆವು. ಹೊರಗೆ ನೀರು ಏರುತ್ತಿದೆ, ಒಳಗೆ ಹೊಸ್ತಿಲು ಒಣಗಿಯೇ ಇದೆ. ಆಗ ಬಚ್ಚಲಿನಿಂದ ಗುಳುಗುಳು ಸದ್ದು. ಹೋಗಿ ನೋಡಿದರೆ ನೀರು ಹೋಗುವ ತೂತಿನ (ನಹಾನಿ ಟ್ರ್ಯಾಪಿನ) ಜಾಲರಿ ತಾನಾಗಿಯೇ ಮೇಲೆದ್ದು ಕುಣಿಯುತ್ತಿತ್ತು. ಅದರ ಕೆಳಗಿನಿಂದ ಕಪ್ಪು ನೀರು, ಕೂದಲು, ಇನ್ನೂ ಏನೇನೋ. ಹಿಂದೆಯೇ ಕಮೋಡು ಉಕ್ಕಿತು. ಊರಿನ ಹೊಲಸೆಲ್ಲ ನಮ್ಮ ಬಚ್ಚಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ದೇವರ ಕೋಣೆಗೆ.

ಇದಕ್ಕಿಂತ ದೊಡ್ಡ ಅವಮಾನ ಬೆಳಗ್ಗೆ ಆಯಿತು. ರಸ್ತೆಯ ನೀರು ಇಳಿದು ಹೋಗಿತ್ತು. ನಮ್ಮ ಮನೆಯದು ಮಾತ್ರ ಹಾಗೆಯೇ ನಿಂತಿತ್ತು. ಯಾಕೆ? ಗೇಟು ಅಷ್ಟು ಚೆನ್ನಾಗಿ ಮುಚ್ಚಿತ್ತಲ್ಲ! ಹೊರಗಿನದು ಒಳಗೆ ಬರದಂತೆ ಹಾಕಿಸಿದ್ದು ಒಳಗಿನದನ್ನು ಹೊರಗೆ ಬಿಡದೆ ಹಿಡಿದುಕೊಂಡಿತ್ತು. ಆ ಹೊಲಸಿನಲ್ಲಿ ಕೈ ಅದ್ದಿ, ತಡಕಾಡಿ ಕ್ಲಾಂಪು ಸಡಿಲಿಸಿದೆ. ಅದೇ ಬೀದಿಯವರು ನೋಡುತ್ತಾ ನಿಂತಿದ್ದರು.

ಫೋಟೊ ತೆಗೆದು ಅವನಿಗೆ ಕಳಿಸಿದೆ. ಬಂದ ಉತ್ತರ: ‘ಮೇಡಂ, ನೀವೇ ನೋಡಿ, ಗೇಟಿನಿಂದ ಒಂದು ಹನಿಯೂ ದಾಟಿಲ್ಲ. ನಮ್ಮ ಪ್ರಾಡಕ್ಟ್ ಪಾಸಾಗಿದೆ.’ ಪಾಸಾಗಿದೆಯಂತೆ! ಹಣ ವಾಪಸಿನ ಮಾತು ಏನಾಯಿತು ಎಂದು ಕೇಳಿದರೆ, ‘ಅದು ಬಾಗಿಲಿನಿಂದ ಬರುವ ನೀರಿಗೆ ಮಾತ್ರ. ಒಳಚರಂಡಿ ಜಲಮಂಡಳಿಯವರದು, ಅವರನ್ನು ಕೇಳಿ.’ ಗೋಡೆಯ ಒಳಬದಿಯ ಬಣ್ಣವೂ ಅಡಿಯಿಂದ ಬೊಬ್ಬೆ ಎದ್ದಿದೆ ಎಂದೆ. ‘ಕೋಟಿಂಗ್ ಕಾಂಪ್ಲಿಮೆಂಟರಿ ಮೇಡಂ, ಬಿಲ್ಲಿನಲ್ಲಿ ಇಲ್ಲ.’ ಬಿಲ್ ತೆಗೆದು ನೋಡಿದರೆ ನಿಜವಾಗಿಯೂ ಇಲ್ಲ, ‘ಅಲ್ಯೂಮಿನಿಯಂ ಬ್ಯಾರಿಯರ್ ಪೂರೈಕೆ’ ಎಂದಷ್ಟೇ ಇದೆ. ಕೊನೆಗೆ ಬಂದ ಸಂದೇಶ ಓದಿ ಫೋನು ಎಸೆಯಬೇಕೆನಿಸಿತು: ನೀರನ್ನು ತಡೆದು ನಿಂತ ಗೇಟಿನ ಆ ಫೋಟೊವನ್ನು ಅವರ ಜಾಹೀರಾತಿಗೆ ಬಳಸಿಕೊಳ್ಳಬಹುದೇ ಎಂದು ಕೇಳಿದ್ದ.

ಈಗ ಕೆಲಸದ ಮಾತು. ಜೋರು ಮಳೆಯಲ್ಲಿ ಜನ ತಾರಸಿಯ ನೀರನ್ನೂ ಒಳಚರಂಡಿಗೇ ಬಿಡುತ್ತಾರೆ, ರಸ್ತೆಯ ನೀರು ಇಳಿಯಲೆಂದು ಮ್ಯಾನ್‌ಹೋಲ್ ಮುಚ್ಚಳ ಎತ್ತುತ್ತಾರೆ. ತುಂಬಿದ ಪೈಪು ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿ ಹುಡುಕುತ್ತದೆ. ಆ ಬಾಯಿ ನೆಲಮಹಡಿಯ ಬಚ್ಚಲು. ಇದನ್ನು ತಡೆಯುವುದು ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಹೊರಕ್ಕೆ ಮಾತ್ರ ಬಿಟ್ಟು ವಾಪಸ್ ಒಳಕ್ಕೆ ಬಿಡದ ಕವಾಟ. ನಮ್ಮ ಮನೆಯ ಒಳಚರಂಡಿಯ ಕೊನೆಯ ಗುಂಡಿಯಿಂದ (ಚೇಂಬರ್) ರಸ್ತೆಯ ಪೈಪಿಗೆ ಹೋಗುವ ಕಡೆ ಬಡಾವಣೆಯ ಪ್ಲಂಬರ್ ಅದನ್ನು ಕೂರಿಸಿಕೊಟ್ಟ. ವಾಲ್ವು, ಕೂಲಿ ಸೇರಿ ಖರ್ಚಾದದ್ದು ಗೇಟಿಗೆ ಕೊಟ್ಟದ್ದರಲ್ಲಿ ಒಂದು ಚೂರು. ಈ ಹೆಸರನ್ನು ಆ ಮಹಾಶಯ ಒಮ್ಮೆಯೂ ಎತ್ತಲಿಲ್ಲ, ಅದರಲ್ಲಿ ಅವನಿಗೇನು ಸಿಗುತ್ತದೆ? ಒಂದು ಎಚ್ಚರ: ವಾಲ್ವು ಮುಚ್ಚಿಕೊಂಡಿರುವಾಗ ನಿಮ್ಮ ನೀರೂ ಹೊರಗೆ ಹೋಗುವುದಿಲ್ಲ. ಮೇಲಿನವರು ಫ್ಲಶ್ ಮಾಡಿದರೆ ಅದು ನಿಮ್ಮ ಬಚ್ಚಲಿಗೇ. ಮೊದಲೇ ಹೇಳಿಡಿ. ಮಳೆಗಾಲಕ್ಕೆ ಮುಂಚೆ ತೆಗೆಸಿ ತೊಳೆಸಿ, ಬಟ್ಟೆ ಚೂರು ಸಿಕ್ಕಿಕೊಂಡರೆ ಅದು ಮುಚ್ಚುವುದೇ ಇಲ್ಲ.

ಸಂಪಿನ ಬಾಯಿಯನ್ನೂ ಇಟ್ಟಿಗೆ ಕಟ್ಟಿ ಎತ್ತರಿಸಿದ್ದೇವೆ, ಇಲ್ಲದಿದ್ದರೆ ಕುಡಿಯುವ ನೀರಿಗೂ ಅದೇ ಗತಿ. ಕೆಳಗಿನ ಪ್ಲಗ್ಗುಗಳನ್ನು ಸೊಂಟದ ಎತ್ತರಕ್ಕೆ ಏರಿಸಿದ್ದೇವೆ. ನೀರು ಬಂದಾಗ ಮೇನ್ ಸ್ವಿಚ್ ಆರಿಸದೆ ಪಂಪು ಮುಟ್ಟಬೇಡಿ. 2025ರ ಮೇ ತಿಂಗಳಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು, ಅವರಲ್ಲೊಬ್ಬ ಹುಡುಗ.

ಬಾಗಿಲಿಗೆ ಮರಳಿನ ಮೂಟೆಯೇ ಸಾಕಿತ್ತು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿಸಿ, ಹಿಂದೆ ಪ್ಲಾಸ್ಟಿಕ್ ಹಾಳೆ ಕೊಟ್ಟು, ಗೋಡೆ ಕಟ್ಟುವಂತೆ ಕೀಲು ತಪ್ಪಿಸಿ ಜೋಡಿಸಿ, ತುಳಿದು ಕೂರಿಸಿ. ಮೂರಡಿ ಗೇಟು ಎಂದು ಹೆಮ್ಮೆಯಿಂದ ಮಾರುತ್ತಾರಲ್ಲ, ಒಂದು ಮೀಟರ್ ಆಳದ ನೀರು ತಳದಲ್ಲಿ ಚದರ ಮೀಟರಿಗೆ ಒಂದು ಟನ್ ಭಾರದಷ್ಟು ಒತ್ತುತ್ತದೆ. ಬ್ರಿಟನ್ನಿನಲ್ಲಿ ಮಾಮೂಲಿ ಮನೆಗಳಿಗೆ 60 ಸೆಂಟಿಮೀಟರಿಗಿಂತ ಹೆಚ್ಚು ನೀರನ್ನು ಹೊರಗೆ ತಡೆಯಬೇಡಿ ಎನ್ನುತ್ತಾರೆ, ಗೋಡೆಯೇ ಬಿರಿಯಬಹುದೆಂದು. ನಮ್ಮ ನಾಲ್ಕಿಂಚಿನ ಗೋಡೆಗಳ ಬಗ್ಗೆ ಏನು ಹೇಳುವುದು!

ವಿಮೆಯ ಸುಳ್ಳು: 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ ಇದೆ, ಮನೆಗೆ ವಿಮೆ ಕೊಡುವ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಸಿಗುತ್ತದೆ. ಅದರಲ್ಲಿ ನೆರೆಯೂ ಸೇರಿದೆ. ಕಟ್ಟಡಕ್ಕೆ ಮಾಡಿಸಿದ ಮೊತ್ತದ 20 ಶೇಕಡಾದಷ್ಟು, 10 ಲಕ್ಷ ರೂಪಾಯಿ ಮೀರದಂತೆ, ಮನೆಯ ಸಾಮಾನಿಗೂ ರಕ್ಷಣೆ ತಾನಾಗಿಯೇ ಸಿಗುತ್ತದೆ.

ಎದುರು ಮನೆಯವರು ಕೊಟ್ಟ ಮುಂಗಡವನ್ನೂ ಅವನು ಹಿಂತಿರುಗಿಸಿಲ್ಲ. ಇಬ್ಬರೂ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತಿದ್ದೇವೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲು ವಿಚಾರಿಸಲು ಸಹಾಯವಾಣಿ 1915 ಇದೆ. ನಿಮಗೂ ಟಿಶ್ಯೂ ಕಾಗದದ ಆಟ ತೋರಿಸಿ ಯಾರಾದರೂ ಹಣ ಪಡೆದಿದ್ದರೆ ಬಿಲ್ಲನ್ನೂ ವಾಟ್ಸಾಪ್ ಸಂದೇಶಗಳನ್ನೂ ಅಳಿಸದೆ ಇಟ್ಟುಕೊಂಡು ನನಗೆ ತಿಳಿಸಿ.