ಮೊಬೈಲಿಗೆ ಜೋಡಿಸುವ ತೂಕದ ಯಂತ್ರ: ಹನ್ನೊಂದು ತಿಂಗಳ ಬಳಕೆಯ ನಂತರ

ಕಳೆದ ಅಕ್ಟೋಬರಿನಲ್ಲಿ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಅಂಶ ಗಡಿಯ ಹತ್ತಿರ ಬಂದಿತ್ತು. ಸದ್ಯಕ್ಕೆ ದೇಹದ ತೂಕದಲ್ಲಿ ಶೇಕಡಾ 5ರಷ್ಟು ಇಳಿಸಿದರೂ ಪ್ರಯೋಜನವಿದೆ ಎಂದು ಶಿರಸಿಯ ವೈದ್ಯರು ಹೇಳಿದರು. ನನ್ನ ಎತ್ತರ 168 ಸೆಂ.ಮೀ., ಆಗಿನ ತೂಕ 82 ಕಿಲೋ. ಅಂದರೆ ಇಳಿಸಬೇಕಾದದ್ದು ನಾಲ್ಕು ಕಿಲೋ ಚಿಲ್ಲರೆ. ಇಷ್ಟಕ್ಕೆ ಯಂತ್ರ ಬೇಕಿತ್ತೇ ಎಂಬ ಪ್ರಶ್ನೆ ಈಗ ಏಳುತ್ತದೆ, ಆಗ ಏಳಲಿಲ್ಲ. ಆನ್‌ಲೈನಿನಲ್ಲಿ ಎರಡು ಸಾವಿರ ರೂಪಾಯಿಯೊಳಗೆ ಸಿಕ್ಕ, ಬ್ಲೂಟೂತ್ ಮೂಲಕ ಮೊಬೈಲಿಗೆ ಜೋಡಿಸುವ ಗಾಜಿನ ತೂಕದ ಯಂತ್ರವೊಂದನ್ನು ತರಿಸಿಕೊಂಡೆ. ಇಂಥವು ಹಲವು ಹೆಸರುಗಳಲ್ಲಿ ಸಿಗುತ್ತವೆ, ಕೆಲಸ ಮಾಡುವ ರೀತಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ.

ತೂಗುವ ಕೆಲಸವನ್ನು ಯಂತ್ರ ಚೆನ್ನಾಗಿಯೇ ಮಾಡುತ್ತದೆ, ಆದರೆ ಅದಕ್ಕೆ ತಕ್ಕ ನೆಲ ಬೇಕು. ನಾಲ್ಕು ಮೂಲೆಯ ಕಾಲುಗಳಲ್ಲಿರುವ ಸೆನ್ಸರ್‌ಗಳ ಮೇಲೆ ಭಾರ ಸರಿಯಾಗಿ ಹಂಚಿಹೋಗದಿದ್ದರೆ ಲೆಕ್ಕ ತಪ್ಪುತ್ತದೆ. ನಮ್ಮದು ಹಳೆಯ ಮನೆ. ಸಗಣಿ ಸಾರಿಸಿದ ಜಗುಲಿಯ ಮೇಲೆ ನಿಂತಾಗ ತೋರಿಸಿದ ತೂಕಕ್ಕೂ, ಎರಡು ನಿಮಿಷದ ನಂತರ ಬಚ್ಚಲಿನ ಪಕ್ಕದ ಟೈಲ್ಸ್ ಮೇಲೆ ತೋರಿಸಿದ ತೂಕಕ್ಕೂ 1.2 ಕಿಲೋ ವ್ಯತ್ಯಾಸವಿತ್ತು. ಮೊದಲ ವಾರ ಜಗುಲಿಯಲ್ಲಿ ತೂಗಿಕೊಂಡು ಹಿಗ್ಗಿದ್ದೆಲ್ಲ ಹೀಗೆ ವ್ಯರ್ಥವಾಯಿತು. ಇನ್ನೊಂದು ದೋಷ ಆಷಾಢದಲ್ಲಿ ಕಂಡಿತು. ಘಟ್ಟದ ಮೇಲಿನ ತೇವಕ್ಕೆ ಸೆಲ್ ಕೂರಿಸುವ ತಗಡಿನ ಮೇಲೆ ಹಸಿರು ಕಿಲುಬು ಹಿಡಿದು ಯಂತ್ರ ಸುಮ್ಮನಾಯಿತು. ಉಜ್ಜುಕಾಗದದಿಂದ ತಿಕ್ಕಿದ ಮೇಲೆ ಸರಿಹೋಯಿತು.

ಕೊಬ್ಬಿನ ಪ್ರಮಾಣ, ನೀರಿನ ಪ್ರಮಾಣ, ಸ್ನಾಯುವಿನ ತೂಕ, ‘ದೇಹದ ವಯಸ್ಸು’ ಎಂದು ಯಂತ್ರ ಕೊಡುವ ಉಳಿದ ಅಂಕಿಗಳನ್ನು ನಂಬಿ ಹಣ ಕೊಡಬೇಡಿ. ಬರಿಗಾಲಿನಿಂದ ನಿಂತಾಗ ಅತಿ ಸಣ್ಣ ವಿದ್ಯುತ್ತನ್ನು ಒಂದು ಪಾದದಿಂದ ಇನ್ನೊಂದು ಪಾದಕ್ಕೆ ಹರಿಸಿ, ಅದಕ್ಕೆ ಎದುರಾಗುವ ತಡೆಯನ್ನು ಅಳೆದು, ವಯಸ್ಸು ಮತ್ತು ಎತ್ತರದ ಜೊತೆ ಸೂತ್ರಕ್ಕೆ ಹಾಕಿ ತೆಗೆದ ಅಂದಾಜು ಅದು. ಮೈಯಲ್ಲಿ ನೀರು ಹೆಚ್ಚುಕಡಿಮೆಯಾದರೆ ಅಂದಾಜೂ ಬದಲಾಗುತ್ತದೆ. ಬೆಳಿಗ್ಗೆ ಶೇಕಡಾ 29 ಇದ್ದ ನನ್ನ ಕೊಬ್ಬು, ಕೋಟೆಕೆರೆಯನ್ನು ಸುತ್ತಿ ಬಂದು ಕಾಲು ತೊಳೆದು ನಿಂತಾಗ 27 ಆಗಿತ್ತು! ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಇಂಥ ಯಂತ್ರದ ಮೇಲೆ ನಿಲ್ಲಲೇಬಾರದು. ಈ ಎಚ್ಚರಿಕೆ ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ.

ನನಗೆ ನಿಜವಾದ ತಕರಾರಿರುವುದು ಇದರ ಜೊತೆಗೆ ಬರುವ ಆ್ಯಪ್‌ನ ಬಗ್ಗೆ. ಎತ್ತರ ನಮೂದಿಸಿದ ತಕ್ಷಣ ಅದು ನನ್ನನ್ನು ಕೇಳದೆಯೇ 64 ಕಿಲೋ ಎಂದು ಗುರಿ ಇಟ್ಟಿತು. ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುವ ಸೂಚ್ಯಂಕ) 23ರೊಳಗಿರುವುದು ಒಳ್ಳೆಯದು ಎಂಬ ಲೆಕ್ಕ ಅದರ ಹಿಂದಿದೆ, ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ವೈದ್ಯರು ಹೇಳಿದ ನಾಲ್ಕು ಕಿಲೋ ಅಲ್ಲಿ ಹದಿನೆಂಟು ಆಯಿತು. ತಿಂದದ್ದನ್ನೆಲ್ಲ ನಮೂದಿಸಬೇಕು, ಒಂದು ದಿನ ತಪ್ಪಿದರೆ ಸತತ ದಿನಗಳ ಎಣಿಕೆ ಸೊನ್ನೆಗೆ ಬರುತ್ತದೆ, ರಾತ್ರಿ ಒಂಬತ್ತಕ್ಕೆ ಕೆಂಪು ಸೂಚನೆ ಬರುತ್ತದೆ. ಪಿಜ್ಜಾದ ಹನ್ನೆರಡು ಬಗೆ ತಿಳಿದಿರುವ ಆ ಪಟ್ಟಿಯಲ್ಲಿ ಅಪ್ಪೆಹುಳಿ ಇಲ್ಲ, ಒಂದೆಲಗದ ತಂಬುಳಿಯೂ ಇಲ್ಲ. ತಂಬುಳಿಯನ್ನು ‘ಮಜ್ಜಿಗೆ’ ಎಂದು ಬರೆದರೆ ಅದರಲ್ಲಿನ ಕಾಯಿತುರಿ ಬಿಟ್ಟುಹೋಗುತ್ತದೆ, ‘ತೆಂಗಿನಕಾಯಿ ಚಟ್ನಿ’ ಎಂದರೆ ಒಂದು ಲೋಟಕ್ಕೆ ಒಂದು ಊಟದಷ್ಟು ಕ್ಯಾಲೊರಿ ಬರುತ್ತದೆ. ಈ ಸಂಕಟಕ್ಕೆ ಅಡುಗೆಮನೆಗೆ ಇನ್ನೊಂದು ಸಣ್ಣ ತಕ್ಕಡಿ ತಂದು ಅನ್ನವನ್ನು ಗ್ರಾಂ ಲೆಕ್ಕದಲ್ಲಿ ಬಡಿಸಿಕೊಳ್ಳತೊಡಗಿದೆ. ಅಡಿಕೆಯಾದರೆ ತೂಗಲಿ, ಅನ್ನವನ್ನೂ ತೂಗುವ ಕಾಲ ಬಂತೇ ಎಂದು ಆಯಿ ಕೇಳಿದಳು. ನೆಂಟರ ಮನೆಯಲ್ಲಿ ಮುಂದಿಟ್ಟ ಸಿಹಿ ತಿಂಡಿ ತೊಡೆದೇವನ್ನು ಮುಟ್ಟದೆ ಎದ್ದು ಬಂದೆ, ಆ ರಾತ್ರಿ ಅದರದ್ದೇ ಯೋಚನೆಯಲ್ಲಿ ನಿದ್ದೆ ಬರಲಿಲ್ಲ. ದಿನಕ್ಕೆ ನಾಲ್ಕು ಬಾರಿ ಯಂತ್ರದ ಮೇಲೆ ನಿಲ್ಲುತ್ತಿದ್ದೆ.

ಈ ಗೀಳು ಬಿಟ್ಟದ್ದು ಒಂದು ಉಪನಯನದ ಊಟದ ಮರುದಿನ. ಯಂತ್ರ ಒಂದೇ ರಾತ್ರಿಯಲ್ಲಿ 1.8 ಕಿಲೋ ಹೆಚ್ಚು ತೋರಿಸಿತು, ನಾನು ಬೆಳಗಿನ ತಿಂಡಿ ಬಿಟ್ಟೆ. ಮಧ್ಯಾಹ್ನ ತಲೆ ತಿರುಗುತ್ತ ಕೂತಾಗ ಲೆಕ್ಕ ಹಾಕಿದೆ: ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎಂದು ಹಿಡಿದರೆ, ಅಷ್ಟು ಕೊಬ್ಬು ಬೆಳೆಯಲು ಆ ದಿನ ದೇಹಕ್ಕೆ ಬೇಕಾದ್ದಕ್ಕಿಂತ ಹದಿಮೂರು ಸಾವಿರಕ್ಕೂ ಹೆಚ್ಚು ಕ್ಯಾಲೊರಿ ತಿಂದಿರಬೇಕಿತ್ತು. ಪಂಕ್ತಿಯಲ್ಲಿ ಎಷ್ಟು ಉಪಚಾರ ಮಾಡಿದರೂ ಅದು ಸಾಧ್ಯವಿಲ್ಲ. ಏರಿದ್ದರಲ್ಲಿ ಬಹುಪಾಲು ಉಪ್ಪು ಮತ್ತು ಅನ್ನ ಮೈಯಲ್ಲಿ ಹಿಡಿದಿಟ್ಟ ನೀರು. ಒಣಗದ ಅಡಿಕೆಯನ್ನು ತೂಗಿ ಬೆಳೆಯ ಲೆಕ್ಕ ಹಾಕುವವನನ್ನು ನಮ್ಮೂರಿನಲ್ಲಿ ಯಾರೂ ಬುದ್ಧಿವಂತ ಎನ್ನುವುದಿಲ್ಲ, ಮೂರು ತಿಂಗಳಿಂದ ನಾನು ಮಾಡಿದ್ದು ಅದನ್ನೇ. ಮೂರನೆಯ ದಿನ ಆ ತೂಕ ತಾನಾಗಿ ಇಳಿದಿತ್ತು.

ಆ ವಾರವೇ ಆ್ಯಪ್ ತೆಗೆದುಹಾಕಿದೆ. ಖರೀದಿಸುವವರು ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ, ಆ್ಯಪ್ ಇಲ್ಲದೆಯೂ ಯಂತ್ರ ತನ್ನ ಗಾಜಿನ ಮೇಲೆ ತೂಕ ತೋರಿಸುತ್ತದೆ. ಈಗ ಭಾನುವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಅದೇ ಟೈಲ್ಸ್ ಮೇಲೆ ಒಮ್ಮೆ ನಿಂತು ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಊಟದಲ್ಲಿ ಮಾಡಿದ ಬದಲಾವಣೆ ಹೇಳಿಕೊಳ್ಳುವಷ್ಟಿಲ್ಲ. ಎರಡು ಚಮಚ ಸಕ್ಕರೆಯ ನಾಲ್ಕು ಚಹಾ ಎರಡಾಯಿತು, ಎರಡನೆಯ ಸಲದ ಅನ್ನದ ಬದಲು ಪಲ್ಯ ಹಾಕಿಸಿಕೊಳ್ಳುತ್ತೇನೆ, ಸಂಜೆಯ ಬಾಳೆಕಾಯಿ ಚಿಪ್ಸ್ ಡಬ್ಬಿ ಕಪಾಟಿನ ಮೇಲಿನ ಅಂಕಣಕ್ಕೆ ಹೋಯಿತು, ಕಚೇರಿ ಮುಗಿದ ಮೇಲೆ ಮುಕ್ಕಾಲು ಗಂಟೆ ನಡೆಯುತ್ತೇನೆ. ತೊಡೆದೇವು ಬಂದರೆ ತಿನ್ನುತ್ತೇನೆ. ತೂಕ ಈಗ 76 ಕಿಲೋ. ಸೊಂಟದ ಸುತ್ತಳತೆ 101 ಸೆಂ.ಮೀ.ನಿಂದ 94ಕ್ಕೆ ಬಂದಿದೆ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಎಂಬ ಮಿತಿಯನ್ನು ನೋಡಿದರೆ ಇನ್ನೂ ದಾರಿಯಿದೆ, ಅವಸರವಿಲ್ಲ.

ಹಾಗಾಗಿ ಮೊಬೈಲಿಗೆ ಜೋಡಿಸುವ ಸೌಲಭ್ಯಕ್ಕಾಗಿ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಇದರ ಅರ್ಧ ಬೆಲೆಗೆ ಸಿಗುವ ಸಾಧಾರಣ ಡಿಜಿಟಲ್ ಯಂತ್ರ ಮತ್ತು ದರ್ಜಿಯವರು ಬಳಸುವ ಟೇಪು ಸಾಕು. ತೂಕದ ವಿಷಯ ಬಂದರೆ ಊಟವನ್ನೇ ಬಿಡುವ ಸ್ವಭಾವದವರು ಮನೆಯಲ್ಲಿದ್ದರೆ ಅದನ್ನೂ ತರಬೇಡಿ, ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ತೂಗಿಸಿಕೊಂಡರಾಯಿತು. ನಮ್ಮ ಮನೆಯ ಯಂತ್ರಕ್ಕೆ ವಾರದ ಉಳಿದ ದಿನಗಳಲ್ಲಿ ಬೇರೆ ಕೆಲಸವಿದೆ: ಮೊನ್ನೆ ಪೇಟೆಗೆ ಕಳಿಸುವ ಮೊದಲು ಆಯಿ ಅದರ ಮೇಲೆ ಬಾಳೆಗೊನೆ ನಿಲ್ಲಿಸಿದಳು. 14.3 ಕಿಲೋ ಎಂದು ಬಂತು. ಕೊಬ್ಬಿನ ಪ್ರಮಾಣದ ಜಾಗದಲ್ಲಿ ಬರೀ ಗೀಟುಗಳಿದ್ದವು.