ಎಂಡ್-ಫೆಡ್ ಆಂಟೆನಾ, ಎರಡು ವರ್ಷದ ನಂತರ: ಗದ್ದಲ ಎಲ್ಲಿಂದ ಬಂತು?

ತುಮಕೂರಿನ ಕ್ಯಾತ್ಸಂದ್ರದಲ್ಲಿ ನಮ್ಮದು 30-40ರ ಸೈಟು. ನನ್ನ ಹ್ಯಾಮ್ ರೇಡಿಯೋಗೆ (ಹವ್ಯಾಸಿಗಳು ಪರಸ್ಪರ ಮಾತಾಡೋ ರೇಡಿಯೋ) ಡೈಪೋಲ್, ಅಂದರೆ ಎರಡು ಕಡೆಗೂ ಚಾಚಿದ ತಂತಿಯ ಆಂಟೆನಾ, ಕಟ್ಟಿ ನಡುವಿಂದ ಕೇಬಲ್ ಇಳಿಸೋಕೆ ಜಾಗವಿಲ್ಲ. ಅದಕ್ಕೇ ಒಂದು ತುದಿಯಲ್ಲೇ ಕೇಬಲ್ ಜೋಡಿಸೋ ಈ ರೆಡಿಮೇಡ್ ಎಂಡ್-ಫೆಡ್ ಆಂಟೆನಾವನ್ನ ನಾಲ್ಕೂವರೆ ಸಾವಿರ ಕೊಟ್ಟು ತಗೊಂಡೆ. 20 ಮೀಟರ್ ತಂತಿ. ಕೇಬಲ್ ಸೇರೋ ಡಬ್ಬಿ ಇರೋ ತುದಿ ತಾರಸಿಯ ನೀರಿನ ಟ್ಯಾಂಕ್ ಪಕ್ಕ, ಇನ್ನೊಂದು ಹಿತ್ತಲಾಚೆ ದೊಡ್ಡಪ್ಪನ ತೆಂಗಿನ ಮರದಲ್ಲಿ. ಕಾಯಿ ಕೀಳೋಕೆ ಬಂದವರೇ ರಾಟೆ ಕಟ್ಟಿಕೊಟ್ಟರು. ಹಗ್ಗದ ಕೊನೆಗೆ ಕಲ್ಲು ಇಳಿಬಿಟ್ಟಿದ್ದೀನಿ, ಮರ ತೂಗಿದರೂ ತಂತಿ ಹರಿಯಲ್ಲ.

ಬೆಳಿಗ್ಗೆ ಏಳಕ್ಕೆ ಕಾಫಿ ಲೋಟ ಪಕ್ಕದಲ್ಲಿಟ್ಟು 7 ಮೆಗಾಹರ್ಟ್ಸ್‌ನಲ್ಲಿ ನಾಬ್ ನಿಧಾನಕ್ಕೆ ತಿರುಗಿಸೋದು ನನ್ನ ರೂಢಿ. ಚೆನ್ನೈ ಕಡೆಯವರು, ಹೈದರಾಬಾದ್ ಕಡೆಯವರು ಒಬ್ಬೊಬ್ಬರೇ ಸಿಗ್ತಾರೆ. ಮೊದಲ ವರ್ಷ ಆ ಅರ್ಧ ಗಂಟೆಗೆ ಯಾವ ಕೊರತೆಯೂ ಇರಲಿಲ್ಲ.

ಹೋದ ದೀಪಾವಳಿ ಆಸುಪಾಸಿನಲ್ಲಿ 'ಕೊರ್ರ್' ಅಂತ ಗದ್ದಲ ಶುರುವಾಯ್ತು. ಸಿಗ್ನಲ್ ಬಲ ತೋರಿಸೋ ಎಸ್ ಮೀಟರ್ 9ರಲ್ಲೇ ನಿಂತಿರೋದು, ದನಿಗಳೆಲ್ಲ ಅದರಡಿ ಮುಳುಗೋವು. ಮಾರಿದವರಿಗೆ ಫೋನ್ ಮಾಡಿದರೆ "ಆಂಟೆನಾದಲ್ಲಿ ಏನೂ ಇಲ್ಲ ಸಾರ್, ನಿಮ್ಮ ಏರಿಯಾ ಸರಿಯಿಲ್ಲ" ಅಂದರು. ನಿಜವಾಗಲೂ ಸಿಟ್ಟು ಬಂತು. ರಸ್ತೆಯ ಟ್ರಾನ್ಸ್‌ಫಾರ್ಮರೇ ಇರಬೇಕು ಅಂದುಕೊಂಡು ಮೂರು ತಿಂಗಳು ಸುಮ್ಮನಿದ್ದೆ.

ಒಂದು ಸಂಜೆ ಇಡೀ ಬೀದಿಗೆ ಕರೆಂಟ್ ಹೋಯ್ತು. ಗದ್ದಲ ಮಾತ್ರ ಕದಲಲಿಲ್ಲ. ಅಂದರೆ ಅದು ನಮ್ಮ ಮನೆಯ ಯುಪಿಎಸ್ ಲೈನಿನಲ್ಲೇ ಇದೆ! ರಿಗ್‌ಗೆ, ಅಂದರೆ ರೇಡಿಯೋ ಸೆಟ್ಟಿಗೆ, 12 ವೋಲ್ಟ್ ಬ್ಯಾಟರಿ ಕೊಟ್ಟು, ಯುಪಿಎಸ್ ಕೂಡ ಆಫ್ ಮಾಡಿದೆ. ಮೀಟರ್ ದಬಕ್ಕನೆ 3ಕ್ಕೆ ಇಳೀತು. ಮತ್ತೆ ಆನ್ ಮಾಡಿ, ಸಣ್ಣ ಟ್ರಾನ್ಸಿಸ್ಟರನ್ನ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯಿಂದ ಸ್ವಲ್ಪ ಪಕ್ಕಕ್ಕೆ ಸರಿಸಿಟ್ಟು ಒಂದೊಂದು ಪ್ಲಗ್ಗಿನ ಹತ್ತಿರ ಹಿಡೀತಾ ಹೋದೆ. ವೈಫೈ ರೂಟರಿನ ಅಡಾಪ್ಟರ್ ಮುಂದೆ ಕಿವಿ ಮುಚ್ಚಿಕೊಳ್ಳುವಷ್ಟು ಅರಚಿತು. ಹಳೇದು ಸುಟ್ಟಾಗ ದೀಪಾವಳಿಗೆ ಮುಂಚೆ 150 ರೂಪಾಯಿಗೆ ತಂದಿದ್ದು ಅದು.

ಒಳ್ಳೇ ಅಡಾಪ್ಟರ್ ಹಾಕಿದ ಮೇಲೂ ಮೀಟರ್ 5ರಿಂದ ಕೆಳಗೆ ಬರಲಿಲ್ಲ. ಆಂಟೆನಾದ ಮೇಲೆ ನನ್ನ ನಿಜವಾದ ತಕರಾರು ಇರೋದು ಇಲ್ಲೇ. ಇದಕ್ಕೆ ಬೇರೇನೂ ಬೇಡ ಅಂತ ಹೇಳಿ ಮಾರ್ತಾರೆ. ಆದರೆ ಎದುರು ತಂತಿ ಇಲ್ಲದಿದ್ದಾಗ ಆಂಟೆನಾದಿಂದ ರಿಗ್‌ಗೆ ಬರೋ ಕೋಯಾಕ್ಸ್ ಕೇಬಲ್‌ನ ಹೊರಜಾಲರಿಯೇ ಆಂಟೆನಾದ ಇನ್ನೊಂದು ಭಾಗವಾಗುತ್ತೆ. ಆ ಕೇಬಲ್ ಮನೆಯೊಳಗೆ ವೈರಿಂಗ್ ಪಕ್ಕದಲ್ಲೇ ಹಾದು ಬರುತ್ತೆ, ಅಲ್ಲಿಯ ಗಲೀಜನ್ನೆಲ್ಲ ಹೀರಿಕೊಳ್ಳುತ್ತೆ. ಈ ಒಂದು ಮಾತನ್ನ ಪೆಟ್ಟಿಗೆಯೊಳಗೊಂದು ಚೀಟಿಯಲ್ಲಿ ಬರೆದಿದ್ದರೆ ಸಾಕಿತ್ತು.

ಟ್ಯಾಂಕ್ ಪಕ್ಕದ ಡಬ್ಬಿಯ ಅರ್ತ್ ಬೋಲ್ಟಿಗೆ ಎದುರು ತಂತಿಯಾಗಿ ಎರಡು ಮೀಟರ್ ತಂತಿ ಸಿಕ್ಕಿಸಿದೆ. ಕೇಬಲ್ ಮನೆಯೊಳಗೆ ಬರೋ ಕಡೆ 31 ಮಿಕ್ಸ್ ಅನ್ನೋ ಬಗೆಯ ಫೆರೈಟ್ (ಕಾಂತೀಯ ವಸ್ತು) ರಿಂಗ್‌ಗೆ ತೆಳ್ಳನೆ ಕೋಯಾಕ್ಸ್ ಹನ್ನೆರಡು ಸುತ್ತು ಸುತ್ತಿ ಚೋಕ್, ಅಂದರೆ ಹೊರಜಾಲರಿಯಲ್ಲಿ ಬರೋ ಗದ್ದಲ ತಡೆಯೋ ಸುರುಳಿ, ಮಾಡಿದೆ. ಸುತ್ತು ಒಂದರ ಮೇಲೊಂದು ಹತ್ತದ ಹಾಗೆ ಪ್ಲಾಸ್ಟಿಕ್ ಟ್ಯಾಗ್ ಬಿಗಿದು, ಊಟದ ಹಳೇ ಡಬ್ಬಿಯಲ್ಲಿಟ್ಟು ಗೋಡೆಗೆ ತಗುಲಿಹಾಕಿದ್ದೀನಿ. ಈಗ ಮನೆಯಲ್ಲಿ ಎಲ್ಲ ಉರೀತಿದ್ದರೂ ಮೀಟರ್ 3 ದಾಟಲ್ಲ.

ತಂತಿಗೆ, ಡಬ್ಬಿಗೆ ಎರಡು ಮಳೆಗಾಲದಲ್ಲಿ ಏನೂ ಆಗಿಲ್ಲ. ಸಣ್ಣ ಸೈಟಿನವರು ಧಾರಾಳವಾಗಿ ತಗೊಳ್ಳಿ, ರಿಂಗ್‌ಗೆ ಅಂತ ಸಾವಿರ ರೂಪಾಯಿ ಮೊದಲೇ ತೆಗೆದಿಟ್ಟುಕೊಳ್ಳಿ. ಮೊನ್ನೆ ಬೆಳಿಗ್ಗೆ ಕೊಯಮತ್ತೂರಿನ ಹಿರಿಯರೊಬ್ಬರು ಬರೀ 5 ವ್ಯಾಟ್‌ನಲ್ಲಿ ಕರೆದರು. ಅವರ ಹಿಂದೆ ಮನೆಯ ಕುಕ್ಕರ್ ಕೂಗಿದ್ದೂ ಕೇಳಿಸ್ತು.